ಡಕ್‌ಟೇಲ್ಸ್ ಆಟದ ಚಂದ್ರನ ಹಾಡು: ಆಗ ಕೇಳಿದ್ದು ಬೇರೆ, ಈಗ ಕೇಳುವುದು ಬೇರೆ ಯಾಕೆ?

ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಟಿವಿಗೆ ಹಾಕಿ ಆಡುವ ವಿಡಿಯೋ ಗೇಮ್ ಇತ್ತು. ಒಂದು ಕ್ಯಾಸೆಟ್‌ನಲ್ಲಿ ಡಕ್‌ಟೇಲ್ಸ್ ಆಟ. ಅಂಕಲ್ ಸ್ಕ್ರೂಜ್ ತನ್ನ ಕೋಲಿನ ಮೇಲೆ ಕುಪ್ಪಳಿಸುತ್ತಾ ಹೋಗುತ್ತಾನಲ್ಲ, ಅದು. ಚಂದ್ರನ ಲೆವೆಲ್‌ನಲ್ಲಿ ಬರುವ ಮ್ಯೂಸಿಕ್ ನನಗೆ ಇವತ್ತಿಗೂ ಬಾಯಿಪಾಠ. ಮೊನ್ನೆ ಕೀಬೋರ್ಡ್ ಕಲಿಯುತ್ತಿರುವ ಮಗಳಿಗೆ ಕೇಳಿಸೋಣ ಅಂತ ಯೂಟ್ಯೂಬ್‌ನಲ್ಲಿ ಹಾಕಿದೆ. ಹಾಡು ಅದೇ, ಆದರೆ ಓಟ ಜಾಸ್ತಿ, ದನಿಯೂ ಬೇರೆ ಥರ ಇದೆ. ನನ್ನ ನೆನಪೇ ಮೋಸ ಮಾಡುತ್ತಿದೆಯಾ? ನಾನು ಕೇಳಿದ ಹಾಗೇ ಮತ್ತೆ ಕೇಳಲು ದಾರಿ ಇದೆಯಾ? ಇನ್ನೊಂದು: ಅಷ್ಟು ಸಣ್ಣ ಯಂತ್ರದಿಂದ ಅಷ್ಟು ಒಳ್ಳೆಯ ಹಾಡು ಬಂದದ್ದಾದರೂ ಹೇಗೆ?

ಉತ್ತರ: ನಿಮ್ಮ ನೆನಪು ಸರಿಯಾಗಿಯೇ ಇದೆ. ಯೂಟ್ಯೂಬ್‌ನಲ್ಲಿ ಇರುವುದೂ ತಪ್ಪಲ್ಲ. ನಿಮ್ಮ ಮಾವನ ಮನೆಯ ಪೆಟ್ಟಿಗೆ ಆ ಹಾಡನ್ನು ನುಡಿಸಿದ ರೀತಿಯೇ ಬೇರೆ, ಅಷ್ಟೇ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಆ ಕ್ಯಾಸೆಟ್‌ನ ಒಳಗೆ ಹಾಡಿನ ರೆಕಾರ್ಡಿಂಗ್ ಇರಲಿಲ್ಲ. ಕ್ಯಾಸೆಟ್ ಅಂತ ಕರೆಯುತ್ತಿದ್ದೆವು, ಆದರೆ ಅದರಲ್ಲಿ ಟೇಪೂ ಇಲ್ಲ, ಏನೂ ಇಲ್ಲ. ಒಂದು ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ಚಿಪ್. ಡಕ್‌ಟೇಲ್ಸ್ ಇಡೀ ಆಟದ ಗಾತ್ರ 128 ಕಿಲೋಬೈಟ್. ಚಿತ್ರ, ಲೆವೆಲ್‌ಗಳು, ಶತ್ರುಗಳು, ಸಂಗೀತ ಎಲ್ಲ ಸೇರಿ ಅಷ್ಟೇ. ಸಾಧಾರಣ ಗುಣಮಟ್ಟದ ಎಂಪಿತ್ರೀ ಹಾಡೊಂದನ್ನು ಅಷ್ಟೇ ಜಾಗದಲ್ಲಿ ತುಂಬಲು ಹೋದರೆ ಎಂಟು ಸೆಕೆಂಡಿಗೆ ಜಾಗ ಮುಗಿದುಹೋಗುತ್ತದೆ. ಹಾಗಾಗಿ ಚಿಪ್‌ನಲ್ಲಿ ಇದ್ದದ್ದು ವಾದ್ಯದವರ ಕೈಗೆ ಕೊಡುವ ಸ್ವರಲಿಪಿಯಂಥದ್ದು: ಈ ಸ್ವರ ಹಿಡಿ, ಇಷ್ಟು ಹೊತ್ತು ಹಿಡಿ, ಇಷ್ಟು ಜೋರಾಗಿ ಹಿಡಿ. ಅದನ್ನು ನೋಡಿಕೊಂಡು ಪ್ರತಿ ಸಲವೂ ಹೊಸದಾಗಿ ನುಡಿಸುತ್ತಿದ್ದದ್ದು ನಿಮ್ಮ ಮನೆಯ ಪೆಟ್ಟಿಗೆ. ಪೆಟ್ಟಿಗೆ ಬದಲಾದರೆ ಹಾಡೂ ಸ್ವಲ್ಪ ಬದಲಾಗುತ್ತದೆ.

ಈಗ ಪೆಟ್ಟಿಗೆಯ ವಿಷಯ. ಡಕ್‌ಟೇಲ್ಸ್ ಆಟವನ್ನು ಜಪಾನಿನ ಕ್ಯಾಪ್‌ಕಾಮ್ ಕಂಪನಿ ನಿಂಟೆಂಡೊದ ಎನ್‌ಇಎಸ್ ಯಂತ್ರಕ್ಕೆಂದು ಮಾಡಿತು. ಅಮೆರಿಕದಲ್ಲಿ ಅದು ಬಂದದ್ದು 1989ರಲ್ಲಿ, ಜಪಾನಿನಲ್ಲಿ 1990ರ ಆರಂಭದಲ್ಲಿ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಆ ಯಂತ್ರದ ನಕಲುಗಳು. ಒಳಗಿನ ಚಿಪ್ಪೂ ನಕಲಿ, ಕ್ಯಾಸೆಟ್ಟೂ ನಕಲಿ. ಡಬ್ಬದ ಮೇಲೆ ನೂರಾರು ಆಟ ಅಂತ ಬರೆದಿರುತ್ತಿತ್ತು, ಹಾಕಿ ನೋಡಿದರೆ ಅದೇ ಹತ್ತು ಆಟ ತಿರುಗಿ ತಿರುಗಿ ಬರುತ್ತಿದ್ದವು, ನೆನಪಿದೆ ಅಲ್ವಾ? ನಿಮ್ಮ ಮಾವನ ಮನೆಯದೂ ಅಂಥದ್ದೇ ಪೆಟ್ಟಿಗೆ ಎಂದುಕೊಂಡು ಮುಂದೆ ಹೋಗುತ್ತೇನೆ. ನಿಮಗೆ ಕಂಡ ವ್ಯತ್ಯಾಸಗಳು ಅದಕ್ಕೆ ಸರಿಯಾಗಿ ಹೊಂದುತ್ತವೆ.

ಓಟದ ವಿಚಾರ ಸುಲಭ. ಎನ್‌ಇಎಸ್ ಆಟಗಳಲ್ಲಿ ಸಾಮಾನ್ಯವಾಗಿ ಹಾಡಿನ ತಾಳ ಹಿಡಿಯುವುದು ಟಿವಿ ಪರದೆ. ಪರದೆಯ ಮೇಲೆ ಒಂದು ಚಿತ್ರ ಮೂಡಿ ಮುಗಿದ ಕೂಡಲೇ ಆಟದ ಪ್ರೋಗ್ರಾಂ ಒಮ್ಮೆ ಸಂಗೀತದ ಕಡೆ ತಿರುಗಿ, ಮುಂದಿನ ಸ್ವರಕ್ಕೆ ಹೋಗುವ ಹೊತ್ತಾಯಿತಾ ಎಂದು ನೋಡುತ್ತದೆ. ಅಮೆರಿಕ, ಜಪಾನಿನ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿದ್ದವು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50 ಸಲ. ಒಂದು ಸ್ವರ 12 ಚಿತ್ರಗಳಷ್ಟು ಹೊತ್ತು ನಿಲ್ಲಬೇಕು ಎಂದು ಬರೆದಿದ್ದರೆ ಅದು ಅಲ್ಲಿ 0.2 ಸೆಕೆಂಡ್, ಇಲ್ಲಿ 0.24 ಸೆಕೆಂಡ್. ಅಲ್ಲಿ ಒಂದು ನಿಮಿಷಕ್ಕೆ ಮುಗಿಯುವ ಹಾಡು ಇಲ್ಲಿ 72 ಸೆಕೆಂಡ್ ಓಡುತ್ತದೆ. ಇದು ಕಿವಿಗೆ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸವೇನಲ್ಲ. ನಿಮಗೆ ಬಾಯಿಪಾಠ ಆಗಿರುವುದು ಆ ವಿಳಂಬದ ಹಾಡು. ಯೂಟ್ಯೂಬ್‌ನಲ್ಲಿ ಜನ ಹಾಕಿರುವುದು ಹೆಚ್ಚಾಗಿ 60ರ ಲೆಕ್ಕದ್ದು.

ಹಾಡಷ್ಟೇ ಅಲ್ಲ, ಆಟವೇ ನಿಧಾನವಾಗಿತ್ತು. ಸ್ಕ್ರೂಜ್ ನಡೆಯುವುದು, ಬಾವಲಿ ಹಾರಿ ಬರುವುದು, ಎಲ್ಲವೂ ಅದೇ 50ರ ಲೆಕ್ಕಕ್ಕೆ. ಅಮೆರಿಕದ ಹುಡುಗರಿಗಿಂತ ನಮಗೆ ಯೋಚಿಸಲು ಒಂದು ಕೂದಲೆಳೆಯಷ್ಟು ಹೊತ್ತು ಜಾಸ್ತಿ ಸಿಗುತ್ತಿತ್ತು. ಈಗ ಮೂಲ ವೇಗದಲ್ಲಿ ಆಡಿದವರು ‘ಯಾಕೋ ಕೈ ಓಡ್ತಿಲ್ಲ, ವಯಸ್ಸಾಯ್ತು’ ಅನ್ನುತ್ತಾರೆ. ವಯಸ್ಸಿನದು ಅರ್ಧ ಕಾರಣ, ಇದು ಇನ್ನರ್ಧ.

ಶ್ರುತಿಯ ಕತೆ ಇದಕ್ಕಿಂತ ಮಜವಾಗಿದೆ. ವೇಗ ಪರದೆಗೆ ಅಂಟಿಕೊಂಡಿದ್ದರೆ ಶ್ರುತಿ ಪ್ರೊಸೆಸರ್‌ನ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ. ಎರಡಕ್ಕೂ ನೇರ ಸಂಬಂಧ ಇಲ್ಲ. ಅಮೆರಿಕದ ಯಂತ್ರದ ಗಡಿಯಾರ ಸೆಕೆಂಡಿಗೆ ಸುಮಾರು 17 ಲಕ್ಷದ 90 ಸಾವಿರ ಸಲ ಮಿಡಿಯುತ್ತದೆ. ಸ್ವರ ಬೇಕಾದಾಗ ಪ್ರೋಗ್ರಾಂ ಸೌಂಡ್ ವಿಭಾಗಕ್ಕೆ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗೆ ಒಂದು ಕೂಡಿಸಿ, 16ರಿಂದ ಗುಣಿಸಿ, ಬಂದದ್ದರಿಂದ ಗಡಿಯಾರದ ವೇಗವನ್ನು ಭಾಗಿಸಿದರೆ ಸ್ವರದ ಕಂಪನ ಸಿಗುತ್ತದೆ. 253 ಎಂದು ಕೊಟ್ಟು ನೋಡಿ. ಅಮೆರಿಕದ ಯಂತ್ರದಲ್ಲಿ 440 ಹರ್ಟ್ಸ್ ಬರುತ್ತದೆ. ನಿಮ್ಮ ಮಗಳ ಕೀಬೋರ್ಡ್‌ನಲ್ಲಿ ನಡುವಿನ ‘ಎ’ ಒತ್ತಿದರೆ ಬರುವುದೂ ಅದೇ. ಅದೇ 253 ಅನ್ನು ಯುರೋಪಿಗೆಂದು ನಿಂಟೆಂಡೊ ಮಾಡಿದ ಯಂತ್ರಕ್ಕೆ ಕೊಟ್ಟರೆ 409 ಬರುತ್ತದೆ. ಅದರ ಗಡಿಯಾರ ನಿಧಾನ. ಅರ್ಧ ಮನೆಗಿಂತ, ಅಂದರೆ ಕೀಬೋರ್ಡ್‌ನಲ್ಲಿ ಪಕ್ಕದ ಒಂದು ಕೀಗಿಂತ, ಸ್ವಲ್ಪ ಜಾಸ್ತಿಯೇ ಶ್ರುತಿ ಇಳಿಯಿತು. ಆಟ ಮಾಡಿದವರು ಸಂಖ್ಯೆಗಳನ್ನು ತಿದ್ದಿ ಕೊಡದಿದ್ದರೆ ಅಲ್ಲಿ ಹಾಡು ನಿಧಾನವೂ ಆಗುತ್ತದೆ, ಕೆಳಗೂ ಬೀಳುತ್ತದೆ.

ನಕಲು ಪೆಟ್ಟಿಗೆ ಮಾಡಿದವರು ಇಲ್ಲಿ ಜಾಣತನ ತೋರಿಸಿದರು. ಪಾಲ್ ಟಿವಿಗೆಂದು ಅವರು ಮಾಡಿದ ಚಿಪ್‌ಗಳಲ್ಲಿ ಗಡಿಯಾರವನ್ನು ಅಮೆರಿಕದ ವೇಗದ ಹತ್ತಿರಕ್ಕೆ ಇಟ್ಟರು. ಅಲ್ಲಿ 253ಕ್ಕೆ 436 ಹರ್ಟ್ಸ್. ಪಕ್ಕ ಪಕ್ಕದಲ್ಲಿ ಇಟ್ಟು ಕೇಳದಿದ್ದರೆ ವ್ಯತ್ಯಾಸ ಹಿಡಿಯುವುದು ಕಷ್ಟ. ಅಂದರೆ ನಿಮ್ಮ ಬಾಲ್ಯದ ಹಾಡು ಶ್ರುತಿಯಲ್ಲಿ ಬಹುಮಟ್ಟಿಗೆ ಮೂಲದ ಹಾಗೇ ಇತ್ತು, ಲಯ ಮಾತ್ರ ಕೆಳಗಿತ್ತು. ‘ಹಾಡು ಅದೇ, ಓಟ ಜಾಸ್ತಿ’ ಎಂದು ನೀವು ಬರೆದಿದ್ದೀರಲ್ಲ, ನಿಮ್ಮ ಕಿವಿಯನ್ನು ಮೆಚ್ಚಲೇಬೇಕು.

ಇನ್ನು ದನಿ. ಈ ಯಂತ್ರದಲ್ಲಿ ಹಾಡು ಹೇಳುವ ಎರಡು ದನಿಗಳಿಗೆ ಪಲ್ಸ್ ಎಂದು ಹೆಸರು. ವಿದ್ಯುತ್ತು ಒಂದಷ್ಟು ಹೊತ್ತು ಮೇಲೆ, ಒಂದಷ್ಟು ಹೊತ್ತು ಕೆಳಗೆ, ಇಷ್ಟೇ ಅದರ ಅಲೆ. ಮೇಲೆ ಇರುವ ಪಾಲು ಎಷ್ಟು ಎಂಬುದರ ಮೇಲೆ ದನಿಯ ಬಣ್ಣ ನಿಂತಿದೆ. ಯಂತ್ರ ಕೊಡುವುದು ನಾಲ್ಕು ಆಯ್ಕೆ: 12.5, 25, 50, 75 ಪರ್ಸೆಂಟ್. 50 ಎಂದರೆ ದುಂಡಗೆ, ಒಳಗೆ ಟೊಳ್ಳು ಇದ್ದ ಹಾಗೆ. 25 ಎಂದರೆ ತುಂಬಿದ, ಚುರುಕಾದ ದನಿ. 12.5 ಸಪೂರ, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ. 75 ಕಿವಿಗೆ 25ರ ಥರವೇ ಕೇಳುತ್ತದೆ, ಅದು ಅದೇ ಅಲೆಯನ್ನು ಬುಡಮೇಲು ಮಾಡಿದ್ದು.

ನಕಲು ಚಿಪ್‌ಗಳಲ್ಲಿ ಬಹಳಷ್ಟರಲ್ಲಿ ಒಂದು ಎಡವಟ್ಟು ಇದೆ. 25 ಮತ್ತು 50 ಅದಲು ಬದಲು! ಆಟ 50 ಕೇಳಿದರೆ ಚಿಪ್ 25 ಕೊಡುತ್ತದೆ, 25 ಕೇಳಿದರೆ 50. ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಆದರೆ ವಾದ್ಯವೇ ಬದಲಾಗುತ್ತದೆ. ಸಂಗೀತ ಬರೆದವರು ಮೆತ್ತಗೆ ಇರಲಿ ಅಂದುಕೊಂಡ ಸಾಲು ಮೊನಚಾಗಿ ಕೇಳುತ್ತದೆ, ಮೊನಚಾಗಿ ಇರಲಿ ಅಂದದ್ದು ಮೆತ್ತಗಾಗುತ್ತದೆ. ಇಂಥ ಪೆಟ್ಟಿಗೆಯಲ್ಲಿ ಆಡಿ ಬೆಳೆದ ಲಕ್ಷಾಂತರ ಮಕ್ಕಳಿಗೆ ಅದೇ ಅಸಲಿ. ನಮ್ಮಲ್ಲಿ ಮಾತ್ರ ಅಲ್ಲ, ರಷ್ಯಾದಲ್ಲೂ ಇದೇ ಕತೆ. ಅಲ್ಲಿ ಡೆಂಡಿ ಎಂಬ ನಕಲು ಪೆಟ್ಟಿಗೆ ಮನೆಮಾತಾಗಿತ್ತು. ಪಾಲ್ ಟಿವಿಗೆ ಹೊಂದಿಸಿದ ನಕಲುಗಳ ವೇಗಕ್ಕೆ ಇವತ್ತು ಎಮ್ಯುಲೇಟರ್‌ಗಳಲ್ಲಿ, ಅಂದರೆ ಹಳೇ ಯಂತ್ರವನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ, ಡೆಂಡಿ ಎಂದೇ ಹೆಸರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಹಳೇ ಟಿವಿಯ ಸ್ಪೀಕರ್ ಅನ್ನೂ ಮರೆಯಬಾರದು. ಆಂಟೆನಾ ವೈರ್ ಹಾಕುವ ಜಾಗಕ್ಕೇ ಗೇಮ್‌ನ ವೈರ್ ಚುಚ್ಚಿ, ಚಾನೆಲ್ ತಿರುಗಿಸುತ್ತಾ ಚಿತ್ರ ಹಿಡಿಯುತ್ತಿದ್ದೆವು. ಆ ದಾರಿಯಲ್ಲಿ ಬಂದು ಸಣ್ಣ ಸ್ಪೀಕರ್‌ನಲ್ಲಿ ಹೊರಬಿದ್ದ ಹಾಡಿನಲ್ಲಿ ಕೆಳಗಿನ ಸ್ವರಗಳು ಅರ್ಧಕ್ಕರ್ಧ ಸತ್ತೇ ಹೋಗುತ್ತಿದ್ದವು. ಈಗ ಹೆಡ್‌ಫೋನ್‌ನಲ್ಲಿ ಕೇಳಿದಾಗ ‘ಅರೆ, ಇಷ್ಟೊಂದು ಬೇಸ್ ಇತ್ತಾ’ ಅನ್ನಿಸುವುದು ಅದಕ್ಕೇ.

ಆ ಬೇಸ್‌ನಿಂದಲೇ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಎರಡು ಪಲ್ಸ್ ದನಿಗಳ ಜೊತೆ ಮೂರನೆಯದು ಟ್ರಯಾಂಗಲ್. ಮೆತ್ತನೆ ಅಲೆ, ಬೇಸ್‌ಗೆ ಹೇಳಿ ಮಾಡಿಸಿದ್ದು. ಅದೇ 253 ಕೊಟ್ಟರೆ ಪಲ್ಸ್‌ಗಿಂತ ಒಂದು ಸ್ಥಾಯಿ ಕೆಳಗೆ, 220ಕ್ಕೆ ನುಡಿಯುತ್ತದೆ. ಆದರೆ ಅದಕ್ಕೆ ವಾಲ್ಯೂಮ್ ಎಂಬುದೇ ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಾಲ್ಕನೆಯದು ನಾಯ್ಸ್, ಬರೀ ‘ಶ್’ ಎನ್ನುವ ಸದ್ದು. ಅದನ್ನು ಚೂರು ಚೂರು ಕತ್ತರಿಸಿ ಡ್ರಮ್ ಮಾಡಿಕೊಳ್ಳಬೇಕು. ರೆಕಾರ್ಡ್ ಮಾಡಿದ ಸದ್ದಿನ ತುಣುಕು ನುಡಿಸುವ ಐದನೆಯ ದನಿಯೂ ಇದೆ, ಆದರೆ ಅದು ಜಾಗ ತಿನ್ನುತ್ತದೆ. ಒಟ್ಟು ಲೆಕ್ಕ ಹಾಕಿ: ರಾಗ ಹೇಳಲು ಮೂರೇ ದನಿ, ಒಂದೊಂದಕ್ಕೆ ಒಂದು ಹೊತ್ತಿಗೆ ಒಂದೇ ಸ್ವರ. ಸಾಲದ್ದಕ್ಕೆ, ಆಟದ ಸದ್ದುಗಳೂ ಇದೇ ದನಿಗಳನ್ನು ಹಂಚಿಕೊಳ್ಳಬೇಕು. ಸ್ಕ್ರೂಜ್ ಕುಪ್ಪಳಿಸಿದಾಗ, ವಜ್ರ ಸಿಕ್ಕಿದಾಗ ಬರುವ ಸದ್ದಿಗೆ ಹಾಡಿನ ಒಂದು ದನಿ ಕ್ಷಣ ಹೊತ್ತು ಜಾಗ ಬಿಟ್ಟು, ಮತ್ತೆ ಬಂದು ಸೇರಿಕೊಳ್ಳುತ್ತದೆ. ಗಮನ ಇಟ್ಟು ಕೇಳಿದರೆ ಸಿಗುತ್ತದೆ.

ಇಷ್ಟರಲ್ಲಿ ಹಾಡು ಕಟ್ಟಿದವರು ಹಿರೋಶಿಗೆ ತೊನೊಮುರಾ. ಆಗಿನ ಆಟಗಳಲ್ಲಿ ಸಂಗೀತ ಮಾಡಿದವರ ನಿಜ ಹೆಸರು ಕಾಣುತ್ತಿದ್ದದ್ದೇ ಕಡಿಮೆ, ಅಡ್ಡಹೆಸರು ಹಾಕುವುದೇ ರೂಢಿ. ಹಾಗಾಗಿ ಹಾಡು ಗೊತ್ತಿದ್ದವರು ಲಕ್ಷಾಂತರ, ಇವರ ಹೆಸರು ಗೊತ್ತಿದ್ದವರು ಬೆರಳೆಣಿಕೆ. ಆಟದ ಶುರುವಿನಲ್ಲಿ ಹೆಸರು ಬರುವ ಪರದೆಯ ಹಾಡು ಮಾತ್ರ ಅವರದಲ್ಲ. ಅದು 1987ರಲ್ಲಿ ಶುರುವಾದ ಕಾರ್ಟೂನಿನ ಶೀರ್ಷಿಕೆ ಗೀತೆ, ಮಾರ್ಕ್ ಮ್ಯೂಲರ್ ಬರೆದದ್ದು. ನಮ್ಮಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿತ್ತಲ್ಲ, ಅದೇ ಕಾರ್ಟೂನು. ಗುರುತಿನ ಹಾಡು ಕೇಳಿಸಿ ಒಳಗೆ ಕರೆದು, ಆಮೇಲೆ ಲೆವೆಲ್‌ಗಳಲ್ಲಿ ತೊನೊಮುರಾ ತಮ್ಮದೇ ದಾರಿ ಹಿಡಿದರು. ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ ಎಂದು ಐದು ಲೆವೆಲ್. ಒಂದೊಂದಕ್ಕೂ ಬೇರೆ ಹಾಡು.

ಚಂದ್ರನ ಹಾಡು ಯಾಕೆ ಹೀಗೆ ಹಿಡಿದುಕೊಳ್ಳುತ್ತದೆ? ನನಗೆ ಅನ್ನಿಸುವುದು ಇದು. ಮೂರು ದನಿಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ನಿಲ್ಲಿಸಿದರೆ ರಾಗ ಹೇಳಲು ಯಾರೂ ಉಳಿಯುವುದಿಲ್ಲ. ಅದಕ್ಕೆ ಕಾರ್ಡ್‌ನ ಸ್ವರಗಳನ್ನು ಬಿಡಿಸಿ, ಒಂದೇ ದನಿಯಲ್ಲಿ ಒಂದರ ಹಿಂದೆ ಒಂದು ಓಡಿಸುವುದು ಈ ಯಂತ್ರದ ಹಳೇ ಉಪಾಯ. ಚಂದ್ರನ ಹಾಡು ಶುರುವಾಗುವುದೇ ಆ ಓಟದಿಂದ. ಪುಟ್ಟ ಪುಟ್ಟ ಸ್ವರಗಳು ಏರುತ್ತಾ ಇಳಿಯುತ್ತಾ ಓಡುತ್ತವೆ. ಆಮೇಲೆ ಅದರ ಮೇಲೆ ರಾಗ ಬರುತ್ತದೆ, ಬಂದದ್ದು ಅವಸರ ಮಾಡುವುದಿಲ್ಲ. ಉದ್ದುದ್ದ ಸ್ವರಗಳು, ಬಾಯಿಬಿಟ್ಟು ಹಾಡಬಹುದಾದ ರಾಗ. ಕೆಳಗೆ ಅವಸರ, ಮೇಲೆ ಸಮಾಧಾನ. ಉದ್ದ ಸ್ವರಕ್ಕೆ ಜೀವ ಬರಲು ಇನ್ನೊಂದು ಕೈಚಳಕ ಬೇಕು. ಪಲ್ಸ್ ದನಿ ಹಾಗೇ ಬಿಟ್ಟರೆ ಫ್ಯಾಕ್ಟರಿ ಸೈರನ್ನಿನ ಹಾಗೆ ನೆಟ್ಟಗೆ ಕೂಗುತ್ತದೆ. ಅದಕ್ಕೆ ಆಗ ಮಾಡುತ್ತಿದ್ದದ್ದು ಇದು: ಸಂಖ್ಯೆಯನ್ನು ಚಿತ್ರದಿಂದ ಚಿತ್ರಕ್ಕೆ ಒಂಚೂರು ಮೇಲೆ, ಒಂಚೂರು ಕೆಳಗೆ ಮಾಡುವುದು. 253, 254, 253, 252. ಇಷ್ಟಕ್ಕೇ ದನಿ ಗಮಕ ಹಾಕಿದ ಹಾಗೆ ಅಲುಗುತ್ತದೆ. ವಾಲ್ಯೂಮ್‌ಗೆ ಇರುವುದು 16 ಮೆಟ್ಟಿಲು, ಅದರಲ್ಲೇ ಸ್ವರವನ್ನು ಜೋರಾಗಿ ಶುರುಮಾಡಿ ಮೆಲ್ಲಗೆ ಇಳಿಸಬೇಕು.

ಲೆವೆಲ್ ಕೂಡ ಹಾಡಿಗೆ ಸಹಾಯ ಮಾಡಿತು. ಅಲ್ಲಿ ಸುಮ್ನೆ ಬಲಕ್ಕೆ ಓಡಿದರೆ ಆಗುವುದಿಲ್ಲ. ಹಾರುವ ತಟ್ಟೆಯ ಒಳಗೆ ಹೊಕ್ಕು ಕೀಲಿ, ರಿಮೋಟ್ ಎರಡನ್ನೂ ಹುಡುಕಬೇಕು. ರಿಮೋಟ್ ಸಿಕ್ಕಿದರೆ ಕಾರ್ಟೂನಿನ ಕವಚ ತೊಟ್ಟ ವೀರ ಗಿಜ್ಮೊಡಕ್ ಬಂದು ಗೋಡೆ ಒಡೆದು ಕೊಡುತ್ತಾನೆ. ಕೊನೆಗೆ ಚೀಸ್‌ನ ಒಳಗಿಂದ ಬರುವ ದೊಡ್ಡ ಇಲಿಯ ಜೊತೆ ಹೊಡೆದಾಟ. ದಾರಿ ತಪ್ಪಿ ಅಲ್ಲೇ ಸುತ್ತುತ್ತಿದ್ದಷ್ಟು ಹೊತ್ತೂ ಹಾಡು ತಿರುಗಿ ತಿರುಗಿ ಕೇಳುತ್ತಿತ್ತು. ಬಾಯಿಪಾಠ ಆಗದೆ ಇನ್ನೇನು? ಹಿಮಾಲಯದ ಲೆವೆಲ್‌ಗೆ ಈ ಭಾಗ್ಯ ಇಲ್ಲ. ಅಲ್ಲಿ ಕುಪ್ಪಳಿಸಲು ಹೋದರೆ ಕೋಲು ಹಿಮದಲ್ಲಿ ಹೂತುಕೊಳ್ಳುತ್ತದೆ, ಸಿಟ್ಟಿನಲ್ಲಿ ಹಾಡು ಯಾರ ಕಿವಿಗೆ ಬೀಳುತ್ತದೆ!

ಆಟದ ಹಿಂದೆ ಇದ್ದವರೂ ಹೊಸಬರಲ್ಲ. ನಿರ್ಮಾಪಕರು ತೊಕುರೊ ಫುಜಿವಾರಾ, ಚಿತ್ರದ ಕೆಲಸದಲ್ಲಿ ಕೈಜಿ ಇನಾಫುನೆ, ಇಬ್ಬರೂ ಕ್ಯಾಪ್‌ಕಾಮ್‌ನ ಮೆಗಾ ಮ್ಯಾನ್ ಆಟಗಳಲ್ಲಿ ಪಳಗಿದವರು. ಯಾವ ಲೆವೆಲ್ ಮೊದಲು ಆಡಬೇಕು ಎಂದು ನೀವೇ ಆರಿಸಿಕೊಳ್ಳುವ ಏರ್ಪಾಟು ಅಲ್ಲಿನದೇ. ಕಾರ್ಟೂನ್ ಹೆಸರು ಹಾಕಿ ಹೇಗೋ ಮಾರಿದ ಕಳಪೆ ಆಟಗಳು ಆಗ ರಾಶಿ ರಾಶಿ ಇದ್ದವು. ಇದನ್ನು ಆ ಗುಂಪಿಗೆ ಸೇರಿಸಲು ಬರುವುದಿಲ್ಲ.

ಹಾಡು ಆಮೇಲೆ ತನ್ನದೇ ದಾರಿ ಹಿಡಿಯಿತು. 1990ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್‌ಗೂ ಆಟ ಬಂತು. ಅದಕ್ಕೆ ತನ್ನದೇ ಪರದೆ, ಟಿವಿಯ ಹಂಗಿಲ್ಲ, ಆದ್ದರಿಂದ ಯಾವ ದೇಶದಲ್ಲಿ ಆಡಿದರೂ ಒಂದೇ ವೇಗ. 2013ರಲ್ಲಿ ವೇಫಾರ್ವರ್ಡ್ ಎಂಬ ಕಂಪನಿ ಇಡೀ ಆಟವನ್ನು ಹೊಸ ಚಿತ್ರಗಳ ಜೊತೆ ಮತ್ತೆ ಮಾಡಿತು. ಸಂಗೀತವನ್ನು ಹೊಸದಾಗಿ ಕೂರಿಸಿದ್ದು ಜೇಕ್ ಕೌಫ್‌ಮನ್. ಸ್ಕ್ರೂಜ್‌ಗೆ ಕಾರ್ಟೂನಿನಲ್ಲಿ ದನಿ ಕೊಟ್ಟಿದ್ದ ಅಲನ್ ಯಂಗ್ ಅವರೇ ಇದಕ್ಕೂ ದನಿ ಕೊಟ್ಟರು, ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. 2017ರಲ್ಲಿ ಕಾರ್ಟೂನು ಹೊಸ ರೂಪದಲ್ಲಿ ಶುರುವಾಯಿತು. ಅದರಲ್ಲಿ ಮೂವರು ಮರಿಬಾತುಗಳ ತಾಯಿ ಡೆಲ್ಲಾ ಚಂದ್ರನ ಮೇಲೆ ಒಬ್ಬಳೇ ಸಿಕ್ಕಿಹಾಕಿಕೊಂಡಿರುತ್ತಾಳೆ. 2019ರ ಒಂದು ಕಂತಿನಲ್ಲಿ ಅವಳು ಮಕ್ಕಳಿಗಾಗಿ ಜೋಗುಳ ಹಾಡುತ್ತಾಳೆ. ರಾಗ ಯಾವುದು ಗೊತ್ತಾ? ಇದೇ, ಚಂದ್ರನ ಲೆವೆಲ್‌ನದು. ಕಾರ್ಟೂನಿನಿಂದ ಆಟ ಹುಟ್ಟಿತು, ಆಟಕ್ಕೆಂದು ಕಟ್ಟಿದ ರಾಗ ಮೂವತ್ತು ವರ್ಷದ ಮೇಲೆ ಕಾರ್ಟೂನಿಗೇ ಹೋಯಿತು. ಮೊದಲು ಈ ಕಂತನ್ನೇ ಮಗಳಿಗೆ ತೋರಿಸಿ. ಆಮೇಲೆ ಆಟದ ಹಾಡು ಕೇಳಿಸಿದರೆ ಅವಳೇ ಗುರುತು ಹಿಡಿಯುತ್ತಾಳೆ.

ಈಗ ನೀವು ಕೇಳಿದ ಹಾಗೇ ಕೇಳುವ ದಾರಿ. ಕಂಪ್ಯೂಟರ್‌ನಲ್ಲಿ ಹಳೇ ಯಂತ್ರದ ಹಾಗೆ ವರ್ತಿಸುವ ಎಮ್ಯುಲೇಟರ್‌ಗಳಿವೆ. ಮೆಸೆನ್ ಮತ್ತು ಎಫ್‌ಸಿಇಯುಎಕ್ಸ್ ಎರಡೂ ಉಚಿತ, ಎರಡೂ ಚೆನ್ನಾಗಿವೆ. ಸೆಟ್ಟಿಂಗ್ಸ್‌ನಲ್ಲಿ ರೀಜನ್ ಎಂಬ ಕಡೆ ಹೋಗಿ ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ 60ರ ಪದ್ಧತಿ) ಬದಲು ಡೆಂಡಿ ಆರಿಸಿ. ಪಾಲ್ ಆರಿಸಬೇಡಿ, ಅದರಲ್ಲಿ ಶ್ರುತಿ ಇಳಿದುಬಿಡುತ್ತದೆ. ಆಮೇಲೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡ್ಯೂಟಿ ಸೈಕಲ್ (ಮೇಲೆ ಹೇಳಿದ 25, 50 ಪರ್ಸೆಂಟ್ ಪಾಲು) ಅದಲು ಬದಲು ಮಾಡುವ ಆಯ್ಕೆ ಇದೆ, ನಕಲು ಪೆಟ್ಟಿಗೆಗಳಿಗೆಂದೇ ಇಟ್ಟದ್ದು. ಅದಕ್ಕೂ ಟಿಕ್ ಹಾಕಿ. ಮೊದಲು ಟಿಕ್ ಹಾಕದೆ ಒಮ್ಮೆ, ಹಾಕಿ ಒಮ್ಮೆ ಕೇಳಿದರೆ ನಿಮ್ಮ ಮಾವನ ಪೆಟ್ಟಿಗೆಯ ಚಿಪ್ ಯಾವ ಜಾತಿಯದು ಎಂಬುದು ನಿಮಗೇ ತಿಳಿಯುತ್ತದೆ. ಎರಡರಲ್ಲಿ ಯಾವುದು ಎದೆಗೆ ತಾಗುತ್ತದೋ ಅದೇ ನಿಮ್ಮದು. ಹೆಡ್‌ಫೋನ್ ಬೇಡ, ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್‌ನಲ್ಲೇ ಕೇಳಿ.

ಆಟದ ಫೈಲ್ ಎಲ್ಲೆಲ್ಲೋ ಸಿಗುತ್ತದೆ ನಿಜ, ಆದರೆ ಹಕ್ಕು ಈಗಲೂ ಡಿಸ್ನಿ, ಕ್ಯಾಪ್‌ಕಾಮ್ ಕೈಯಲ್ಲಿದೆ. ದುಡ್ಡು ಕೊಟ್ಟು ಆಡಬೇಕು ಅಂದರೆ 2017ರಲ್ಲಿ ಬಂದ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್ ಇದೆ. ಅದರಲ್ಲಿ ಡಕ್‌ಟೇಲ್ಸ್ ಒಂದು ಮತ್ತು ಎರಡು ಸೇರಿ ಆರು ಆಟ ಇವೆ, ಹಾಡುಗಳನ್ನು ಬೇರೆಯಾಗಿ ಕೇಳಲೂ ಬಿಡುತ್ತದೆ. ವೇಗ ಮಾತ್ರ ಮೂಲದ್ದೇ.

ಮಗಳು ಇದನ್ನು ಕೀಬೋರ್ಡ್‌ನಲ್ಲಿ ಕಲಿಯುವ ಆಸೆ ಪಟ್ಟರೆ ಯೂಟ್ಯೂಬ್ ನೋಡಿ ಬೆರಳು ಎಣಿಸುವುದಕ್ಕಿಂತ ಒಳ್ಳೆಯ ದಾರಿ ಇದೆ. ಎಮ್ಯುಲೇಟರ್‌ನಲ್ಲಿ ನಾಲ್ಕು ದನಿಗಳನ್ನು ಬೇರೆ ಬೇರೆಯಾಗಿ ಆಫ್ ಮಾಡಬಹುದು. ಮೊದಲು ಟ್ರಯಾಂಗಲ್ ಒಂದನ್ನೇ ಇಟ್ಟುಕೊಂಡು ಕೇಳಲಿ, ಅದು ಎಡಗೈಗೆ. ಆಮೇಲೆ ರಾಗ ಇರುವ ಪಲ್ಸ್ ಸಾಲು ಬಲಗೈಗೆ. ಓಡುವ ಸ್ವರಗಳ ಸಾಲು ಇಬ್ಬರು ಸೇರಿ ನುಡಿಸುವಾಗ ಇರಲಿ, ಒಂದೇ ಜೊತೆ ಕೈಗೆ ಮೂರೂ ಹೊರೆ. ಅಭ್ಯಾಸ ನಿಮ್ಮ ಡೆಂಡಿ ವೇಗದಲ್ಲೇ ಶುರುವಾಗಲಿ, ಕಲಿಯುವವರಿಗೆ ಅದೇ ಹದ.